ಒಳಗಿನ ಚಿಲಕ

ಹೇಮಂತದ ಇಳಿಬಿಸಿಲಿಗೆ ಒಂದು ಬಗೆಯ ದಾಕ್ಷಿಣ್ಯವಿದೆ! ಬೇಸಗೆಯ ಬಿಸಿಲಿನಂತೆ ಅದು ಬಾಗಿಲು ದೂಡಿಕೊಂಡು ಒಳನುಗ್ಗುವುದಿಲ್ಲ. ಕಿಟಕಿಯ ಅಂಚಿನಲ್ಲಿ ಒಂದು ಗಳಿಗೆ ನಿಂತು, ಒಳಗಿರುವವರ ಮುಖ ನೋಡಿ, ಆಮೇಲೆ ಮೆಲ್ಲಗೆ ನೆಲಕ್ಕೆ ಕಾಲಿಡುತ್ತದೆ. ದಿಣ್ಣೆಯ ಮೇಲಿನ ಆ ಹಳೆಯ ಅರಮನೆಯ ಎಪ್ಪತ್ತೆರಡು ಕೋಣೆಗಳಲ್ಲಿ ಅಂಥ ಸ್ವರ್ಣಕಾಂತಿ ದಿನವೂ ಸಂಚರಿಸುತ್ತಿತ್ತು... ಸಭಾಂಗಣದ ಬರಿದಾದ ಸಿಂಹಾಸನವನ್ನು ಸವರಿ, ಮೂರು ತಲೆಮಾರಿನ ರಾಜರ ತೈಲಚಿತ್ರಗಳ ಮೀಸೆಗಳ ಮೇಲೆ ಹೊರಳಿ, ಸುತ್ತುಮೆಟ್ಟಿಲು ಹತ್ತಿ, ಕಟ್ಟಕಡೆಗೆ ಪಶ್ಚಿಮದ ಗೋಪುರದ ಒಂದು ಪುಟ್ಟ ಕೋಣೆಗೆ ಬಂದು ದಣಿದು ಕೂರುತ್ತಿತ್ತು. ಒಂದು ಕಿಟಕಿ, ಒಂದು ಮಂಚ, ಪಾದರಸ ಉದುರಿದ ಒಂದು ನಿಲುವುಗನ್ನಡಿ. ಆ ರಾಜ್ಯದ ಕೊನೆಯ ರಾಣಿ ಇಪ್ಪತ್ತೆರಡು ವರ್ಷ ಬದುಕಿದ್ದು ಆ ಕೋಣೆಯಲ್ಲೇ.

ಕೋಣೆಯ ಗೋಡೆಯೊಳಗಿನಿಂದ ಕೆಲವು ವರ್ಷಗಳಿಂದ ಒಂದು ಮಂದ್ರಸ್ವರ ಕೇಳಿಬರುತ್ತಿತ್ತು. ರಾಣಿಯ ಆತ್ಮ ನರಳುತ್ತಿದೆಯೆಂದು ಪ್ರವಾಸಿಗರು ನಂಬಿದರು. ಅದರಿಂದ ಜನ ಹೆಚ್ಚಿದ್ದನ್ನು ಕಂಡು ಕಚೇರಿಯವರೂ ನಂಬಿದರು. ಕೊನೆಗೊಮ್ಮೆ ಬಾಗಿಲ ಪಕ್ಕದ ಮರದ ಹಲಗೆಯ ಸಂದಿನಿಂದ ಜೇನು ಇಳಿದು ಜರಿಯ ಪರದೆಯನ್ನು ತೋಯಿಸಿದಾಗ, ಆ ಆತ್ಮಕ್ಕೆ ಸಾವಿರಾರು ರೆಕ್ಕೆಗಳಿವೆಯೆಂದು ಎಲ್ಲರಿಗೂ ತಿಳಿಯಿತು. ಜೇನುಗಾರನಿಗೆ ಹೇಳಿಕಳಿಸಿದರು.

ಪ್ರವಾಸಿಗರಿಗೆ ಅರಮನೆ ತೋರಿಸುವ ಕೆಲಸ ಒಬ್ಬ ಯುವತಿಯದು. ವಯಸ್ಸು ಇಪ್ಪತ್ತೆಂಟು. ಕಾವಲುಗಾರರ ಬಾಯಲ್ಲಿ ಅವಳು ಗೈಡಮ್ಮ. ಒಂಬತ್ತು ವರ್ಷಗಳಿಂದ, ದಿನಕ್ಕೆ ಆರು ಸಲ, ಆ ಕೋಣೆಯಲ್ಲಿ ಅವಳು ಒಂದೇ ಕಥೆ ಹೇಳುತ್ತಿದ್ದಳು: ರಾಜ ತೀರಿಕೊಂಡ ಮೇಲೆ ಮೈದುನನು ಎಳೆಯ ರಾಣಿಯನ್ನು ಇಲ್ಲಿ ಕೂಡಿಹಾಕಿದ, ಸಿಂಹಾಸನ ಅವನದಾಯಿತು, ಈ ನಾಲ್ಕು ಗೋಡೆ ಅವಳದಾದವು. ಕಥೆ ಮುಗಿಸಿ, ಬಾಗಿಲ ಹೊರಮೈಯ ಹಿತ್ತಾಳೆಯ ಚಿಲಕವನ್ನು ‘ಟಕ್’ ಎಂದು ಸರಿಸಿ, “ಈ ಸದ್ದು... ಇಪ್ಪತ್ತೆರಡು ವರ್ಷ!” ಎನ್ನುತ್ತಿದ್ದಳು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಹಿಂದಿನ ಗೈಡ್ ಕಲಿಸಿದ್ದನ್ನು ಅವಳು ಒಂದಕ್ಷರ ಬದಲಿಸದೆ ಒಪ್ಪಿಸುತ್ತಿದ್ದಳು.

ಮೊದಲ ದಿನವೇ ಜೇನುಗಾರ, ಹುಳುಗಳನ್ನು ಮಂಕಾಗಿಸುವ ಹೊಗೆತಿದಿಯನ್ನು ಪಕ್ಕಕ್ಕಿಟ್ಟು ಆ ಕಥೆಯನ್ನು ಪೂರ್ತಿ ಕೇಳಿದ. ಅವನು ಮಾತಿನಲ್ಲಿ ಮಿತ, ಕೈ ನಿಧಾನ. ಹೂ ಬಿಡುವ ಕಡೆಗೆ ಜೇನುಪೆಟ್ಟಿಗೆಗಳ ಗಾಡಿ ಹೂಡಿಕೊಂಡು ಹೋಗುತ್ತ, ಋತುಗಳ ಹಿಂದೆಯೇ ಅಲೆಯುತ್ತ ಮೂವತ್ತೆರಡು ತುಂಬಿದವನು. ಜನ ಇಳಿದು ಹೋದ ಮೇಲೆ ಅವನೆಂದ:

“ಚೆನ್ನಾಗಿ ಹೇಳ್ತೀರಿ. ಆದ್ರೆ ಚಿಲಕದ ಹತ್ತಿರ ಬಂದಾಗ ಮಾತ್ರ ದನಿ ನಿಮ್ಮದಾಗುತ್ತೆ. ಉಳಿದಿದ್ದೆಲ್ಲ ಬಾಯಿಪಾಠ.”

ಒಂಬತ್ತು ವರ್ಷಗಳಲ್ಲಿ ಅವಳ ದನಿಯನ್ನು ಯಾರೂ ಹೀಗೆ ಆಲಿಸಿರಲಿಲ್ಲ! ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನ ಬೆನ್ನಿಗೇ, ಮೊದಲ ಮಳೆಗೆ ಮಣ್ಣಿನಿಂದ ಏಳುವ ಕಂಪಿನಂತೆ, ಹೆಸರಿಡಲಾಗದ ಒಂದು ಭಾವವೂ ಎದ್ದಿತು. ಅದನ್ನು ಅಡಗಿಸಲು ಅವಳು ಮೆಟ್ಟಿಲ ಪಕ್ಕದ ಕಂಬಿಯನ್ನು ಸುಮ್ಮನೆ ಒರೆಸುತ್ತ ನಿಂತಳು.

ಅವಳ ದನಿಗೆ ಆ ಚಿಲಕ ಹೇಗೆ ಗೊತ್ತೆಂಬುದನ್ನು ತಿಳಿಯಲು, ಓದುಗರೇ, ನಾವು ಅವಳ ಹಿಂದೆಯೇ ದಿಣ್ಣೆಯಿಳಿದು ಒಂದು ಕಿರುಬೀದಿಯ ಮನೆಗೆ ಹೋಗಬೇಕು. ಅಲ್ಲಿ ಸಂಜೆ ಐದೂವರೆಗೆ ಚದುರಂಗದ ಮಣೆ ಹರಡಿ ಅವಳ ಅಪ್ಪ ಕಾಯುತ್ತಿರುತ್ತಾರೆ. ಯೌವನದಲ್ಲಿ ದೇಶಕ್ಕೇ ಚಾಂಪಿಯನ್ ಆಗಿದ್ದವರು. ಬೀದಿಯೆಲ್ಲ ಅವರನ್ನು ‘ದೊರೆ’ ಎಂದೇ ಕರೆಯುತ್ತದೆ. ಆ ಕಿರೀಟ ಕೈತಪ್ಪಿ, ಅದೇ ವರ್ಷ ಹೆಂಡತಿಯೂ ತೀರಿಕೊಂಡ ಮೇಲೆ ದೊರೆ ಹೊಸ್ತಿಲು ದಾಟಿದ್ದಿಲ್ಲ. ಹದಿನೇಳರ ಮಗಳು ಒಂದು ಸಂಜೆ ಅವರನ್ನು ಸೋಲಿಸಿದಳು. ಅವರು ಎರಡು ದಿನ ಅನ್ನ ಮುಟ್ಟಲಿಲ್ಲ! ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪನ ಬೆನ್ನು ನೋಡುತ್ತ ಆ ಹುಡುಗಿ ಮನಸ್ಸಿನಲ್ಲೇ ಆಣೆ ಮಾಡಿದಳು... ಇನ್ನೆಂದೂ ಗೆಲ್ಲುವುದಿಲ್ಲ.

ಅಂದಿನಿಂದ ಹನ್ನೊಂದು ವರ್ಷ, ಒಂದು ಸಂಜೆಯೂ ತಪ್ಪದೆ ಅವಳು ಸೋತಿದ್ದಳು. ಅಪ್ಪನಿಗೆ ಅನುಮಾನ ಬಾರದಂತೆ ಸೋಲುವುದು ಸುಲಭದ ವಿದ್ಯೆಯಲ್ಲ. ಮೂವತ್ತು ನಡೆಗಳವರೆಗೆ ಚೆನ್ನಾಗಿ ಹೋರಾಡಿ, ಆಮೇಲೆ ದಣಿದವಳಂತೆ ಒಂದು ಆನೆಯನ್ನೋ ಕುದುರೆಯನ್ನೋ ಕಾವಲಿಲ್ಲದೆ ಬಿಡಬೇಕು. ದೂರದೂರುಗಳ ಪಂದ್ಯಗಳಿಗೆ ಕರೆ ಬಂದವು, ಒಂದೆರಡು ಸಂಬಂಧಗಳೂ ಬಂದವು. ಎಲ್ಲಕ್ಕೂ ಅವಳ ಉತ್ತರ ಒಂದೇ. “ಸಂಜೆ ಅಪ್ಪ ಕಾಯ್ತಿರ್ತಾರೆ.” ಪಕ್ಕದ ಮನೆಯ ಮಾಸ್ತರರು, ಅಂದರೆ ಒಂದು ಆಟವನ್ನೂ ಗೆದ್ದರಿಯದ ಆ ಒಂಟಿ ಜೀವ, ಪಕ್ಕದಲ್ಲಿ ಕೂತು ದಿನವೂ “ದೊರೆ ದೊರೆಯೇ ಬಿಡಿ!” ಎಂದು ತೊಡೆ ತಟ್ಟುತ್ತಿದ್ದರು. ಆ ಮಾತು ಬಿದ್ದ ಕೂಡಲೇ ಅವಳ ದಿನ ಮುಗಿಯುತ್ತಿತ್ತು.

ಮೂರನೆಯ ದಿನ ಜೇನುಗಾರ ಹಲಗೆ ಕಳಚಿದ. ಗೋಡೆಯ ಟೊಳ್ಳಿನಲ್ಲಿ ಆಳೆತ್ತರದ ಜೇನಿನ ಎರಿಗಳು, ಮಧುಭಾರದಿಂದ ಬಾಗಿ, ಜೀವಂತ ಚಿನ್ನದಂತೆ ಮಿಸುಕುತ್ತಿದ್ದವು! ಒಂದೊಂದನ್ನೇ ಕೊಯ್ದು ಪೆಟ್ಟಿಗೆಗೆ ಕಟ್ಟುತ್ತಿರುವಾಗ ಎಲ್ಲಕ್ಕಿಂತ ಭಾರದ ಎರಿಯೊಂದು ಅವನ ಕೈಜಾರಿ ಬಿತ್ತು. ಅವನು ಮಂಡಿಯೂರಿ ಹುಡುಕಿದ. ಕೊನೆಗೆ ಉದ್ದ ಮೈಯ ಒಂದು ನೊಣವನ್ನು ಅಂಗೈಯಲ್ಲಿ ತಂದು ಅವಳಿಗೆ ತೋರಿಸಿದ.

“ರಾಣಿ. ಹೋಗಿಬಿಟ್ಟಳು. ನನ್ನ ಕೈಯ ತಪ್ಪು.”

“ಇನ್ನು ಈ ಹುಳುಗಳ ಗತಿ?”

“ಹೊಸ ರಾಣಿ ಕೊಡ್ತೀನಿ, ನನ್ನ ಪೆಟ್ಟಿಗೆಯಲ್ಲಿದಾಳೆ. ಆದ್ರೆ ಇವಕ್ಕೆ ಮೊದಲು ರಾಣಿ ಇಲ್ಲ ಅನ್ನೋದು ಗೊತ್ತಾಗ್ಬೇಕು. ಒಂದು ದಿನ ಹಿಡಿಯುತ್ತೆ.”

ಆಮೇಲೆ ಅವನು ಹಲಗೆ ತೆಗೆದ ಜಾಗದಲ್ಲಿ ಬಯಲಾದ ಬಾಗಿಲ ಚೌಕಟ್ಟನ್ನೇ ನೋಡತೊಡಗಿದ. ಬೆರಳಿಟ್ಟು ತೋರಿಸಿದ. ಒಳಮಗ್ಗುಲ ಮರದಲ್ಲಿ ಒಂದು ತೂತು. ಅದರ ಸುತ್ತ ಸಾವಿರಾರು ಸಲ ಕಬ್ಬಿಣ ಉಜ್ಜಿ ಸವೆದ ನುಣುಪು. ಹೊರಗಿನ ಹಿತ್ತಾಳೆಯ ಚಿಲಕದ ಸ್ಕ್ರೂಗಳೋ, ನಿನ್ನೆ ಮೊನ್ನೆಯವು.

“ಹಳೇ ಚಿಲಕ ಒಳಗಡೆ ಇತ್ತು,” ಎಂದ. “ನಿಮ್ಮ ರಾಣಿಯನ್ನು ಯಾರೂ ಕೂಡಿಹಾಕಿರಲಿಲ್ಲ ಅಂತ ಕಾಣುತ್ತೆ.”

ಅವಳು ಸವೆದ ಮರದ ಮೇಲೆ ಹೆಬ್ಬೆರಳಿಟ್ಟಳು. ಹಾಗಾದರೆ ಒಂಬತ್ತು ವರ್ಷ ತಾನು ಹೇಳಿದ್ದು? ಆ ಹೆಂಗಸರ ಕಣ್ಣೀರು? ಕಥೆ ಕಳಚಿಬಿದ್ದುದಕ್ಕಿಂತ ಹೆಚ್ಚಾಗಿ ಇನ್ನೇನೋ ಅವಳನ್ನು ಕಂಗೆಡಿಸಿತು. ಹೊರಗೆ ಚಿಲಕವಿದ್ದರೆ ಶಪಿಸಲು ಒಬ್ಬ ಮೈದುನನಾದರೂ ಇರುತ್ತಾನೆ. ಒಳಗಿದ್ದರೆ ಯಾರನ್ನು ಶಪಿಸಬೇಕು...

ಆಗ ಅವನು, ತನ್ನ ಧೈರ್ಯಕ್ಕೆ ತಾನೇ ಬೆರಗಾದವನಂತೆ, ಒಂದೇ ಉಸಿರಿಗೆ ಹೇಳಿಬಿಟ್ಟ: “ಈ ಕೆಲಸ ಮುಗಿದ್ರೆ ನಾನು ಹೊರಡ್ಬೇಕು. ನನ್ನದು ಅಂತ ಇರೋದು ಒಂದು ಗಾಡಿ, ನಲವತ್ತು ಪೆಟ್ಟಿಗೆ. ನಿಮಗೆ ಒಪ್ಪಿಗೆಯಿದ್ರೆ ಮದುವೆ ಮಾಡ್ಕೊಳ್ಳೋಣ. ನನ್ನ ಜೊತೆ ಬನ್ನಿ.”

“ಸಂಜೆ ಅಪ್ಪ ಕಾಯ್ತಿರ್ತಾರೆ,” ಎಂದಳು ಅವಳು. ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತು. ಕೇಳಿಸಿಕೊಂಡಾಗ ಅವಳಿಗೇ ಅದು ‘ಟಕ್’ ಎಂದು ಕೇಳಿಸಿತು.

ನಾಲ್ಕನೆಯ ದಿನ ಮೋಡ ಮುಸುಕಿ ಚಳಿ ಇಳಿಯಿತು. ಬೆಂಕಿಪೊಟ್ಟಣದಷ್ಟು ದೊಡ್ಡ, ಒಂದು ಮೈಗೆ ತಂತಿಬಲೆ ಹೊದಿಸಿದ ಮರದ ಪಂಜರವನ್ನು ಅವನು ಅವಳ ಕೈಗಿತ್ತ. ಒಳಗೆ ಹೊಸ ರಾಣಿ, ಅವಳಿಗೆ ಉಣಿಸುವ ನಾಲ್ಕಾರು ದಾದಿ ಹುಳುಗಳು. “ಗಾಡಿಯಲ್ಲಿ ಥಂಡಿ. ಇವತ್ತೊಂದು ರಾತ್ರಿ ನಿಮ್ಮ ಮನೇಲಿ ಬೆಚ್ಚಗಿರ್ಲಿ,” ಎಂದು, ಪಂಜರದ ಬಾಗಿಲಿಗೆ ಸಕ್ಕರೆ ಮೆತ್ತಿದ್ದೇಕೆಂದು ವಿವರಿಸಿದನಷ್ಟೇ. ಉತ್ತರವನ್ನು ಅವನು ಕೇಳಲಿಲ್ಲ. ಕೇಳದೆ ಇರುವುದೂ ಒಂದು ಬಗೆಯ ಒತ್ತಾಯವೆಂದು ಆ ಪಾಪದವನಿಗೆ ತಿಳಿದಿರಲಿಲ್ಲ!

ಸಂಜೆ ಐದೂವರೆ. ಅಪ್ಪ, ಮಣೆ, ಮಾಸ್ತರರು. ಅವಳು ಪಂಜರವನ್ನು ಸೆರಗಿನೊಳಗಿಂದ ತೆಗೆದು ದೀಪದ ಬುಡದಲ್ಲಿಟ್ಟಳು. ಇಪ್ಪತ್ತೆಂಟನೆಯ ನಡೆಯ ಹೊತ್ತಿಗೆ ಅದರೊಳಗಿನಿಂದ ಒಂದು ಸಣ್ಣ, ತೀಕ್ಷ್ಣ ಸ್ವರ ಹೊಮ್ಮಿತು, ಎಳೆಯ ಮಗು ಊದಿದ ಪೀಪಿಯಂತೆ.

“ಏನದು ಪುಟ್ಟಿ?”

“ರಾಣಿ ಜೇನು, ಅಪ್ಪ. ನಾಳೆ ಹೊಸ ಮನೆ ಸೇರ್ಬೇಕು.”

“ಮತ್ತೆ ಪಂಜರ ಯಾಕೆ? ಬಾಗಿಲು ತೆಗೆದು ಬಿಟ್ರಾಯ್ತಲ್ಲ.”

“ಗುರುತಿಲ್ಲದವಳು ಅಂತ ಮುತ್ತಿ ಕೊಂದುಬಿಡ್ತವಂತೆ. ಅದಕ್ಕೆ ಬಾಗಿಲಿಗೆ ಸಕ್ಕರೆ ಮೆತ್ತಿದಾರೆ. ಹೊರಗಿನವು ಹೊರಗಿಂದ ತಿಂತಾ ಬರ್ತವೆ, ಒಳಗಿನವರು ಒಳಗಿಂದ. ಅಷ್ಟರಲ್ಲಿ ಪರಸ್ಪರ ವಾಸನೆ ಹೊಂದಿಕೊಳ್ಳುತ್ತೆ. ಮೂರು ದಿನ ಬೇಕಂತೆ.”

“ಒಳಗಿನವರೂ ತಿನ್ನಬೇಕೋ?”

“ತಿಂದ್ರೆ ಬೇಗ ಆಗುತ್ತೆ ಅಂದ್ರು.”

ದೊರೆ ಬಹಳ ಹೊತ್ತು ಪಂಜರವನ್ನೇ ನೋಡಿದರು. ಅವಳ ಸರದಿ. ಎಡಗಡೆಯ ಆನೆಯನ್ನು ಎರಡು ಮನೆ ಮುಂದಿಟ್ಟರೆ ಸಾಕು. ಅಪ್ಪನ ಕುದುರೆ ಅದನ್ನು ಹೊಡೆಯುತ್ತದೆ, ಮಾಸ್ತರರು ತೊಡೆ ತಟ್ಟುತ್ತಾರೆ, ನಾಳೆಯೂ ಇಂದಿನಂತೆಯೇ ಬರುತ್ತದೆ. ಅವಳ ಬೆರಳು ಆನೆಯ ನೆತ್ತಿಯ ಮೇಲಿತ್ತು. ಪಂಜರದೊಳಗೆ ಮತ್ತೊಮ್ಮೆ ಪೀಪಿ ಮೊಳಗಿತು... ಅವಳು ಆನೆಯನ್ನು ಬಿಟ್ಟು ರಾಣಿಯನ್ನು ಎತ್ತಿ ಮಣೆಯ ಆ ತುದಿಗೆ ನಡೆಸಿದಳು.

“ಚೆಕ್.”

ಮೂರು ನಡೆಗಳಲ್ಲಿ ಎಲ್ಲ ಮುಗಿಯಿತು. ಮಾಸ್ತರರ ಎತ್ತಿದ ಕೈ ತೊಡೆ ತಲುಪದೆ ಗಾಳಿಯಲ್ಲೇ ನಿಂತಿತು. “ಒಲೆ ಮೇಲೆ ಹಾಲಿಟ್ಟು ಬಂದಿದೀನಿ,” ಎನ್ನುತ್ತ ಅವರು ಎದ್ದು ನಡೆದರು. ಅವರ ಮನೆಯಲ್ಲಿ ಸಂಜೆ ಒಲೆ ಹಚ್ಚುವ ರೂಢಿಯೇ ಇರಲಿಲ್ಲ.

ಅಪ್ಪ ತಮ್ಮ ರಾಜನನ್ನು ತಾವೇ ಮಲಗಿಸಿದರು. ಅವಳು ಅವರ ಮುಖ ನೋಡಲಾರದೆ ಕೂತಿದ್ದಳು.

“ಊಟ ಬಿಡಲ್ಲ, ಹೆದರಬೇಡ,” ಎಂದರು ಅವರು. “ಅವತ್ತು ಯಾಕೆ ಬಿಟ್ಟೆ, ಗೊತ್ತಾ? ಸೋತಿದ್ದಕ್ಕಲ್ಲ. ನೀನು ನನಗಿಂತ ದೊಡ್ಡವಳಾದೆ, ಇನ್ನು ಈ ಮನೆಯಲ್ಲಿ ನಿಲ್ಲಲ್ಲ ಅಂತ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಮೂರನೇ ದಿನ ಆಟಕ್ಕೆ ಕೂತಾಗ ನೀನು ಬೇಕಂತಲೇ ಸೋತೆ.”

“ನಿಮಗೆ... ಗೊತ್ತಿತ್ತಾ?”

“ಚಾಂಪಿಯನ್ ಆಗಿದ್ದವನಮ್ಮಾ ನಾನು! ಮೊದಲನೇ ಸಲವೇ ಗೊತ್ತಾಯ್ತು. ಬೇಡ ಪುಟ್ಟಿ ಅನ್ನಬೇಕಿತ್ತು. ಅನ್ನಲಿಲ್ಲ. ನೀನು ಸೋಲೋವರೆಗೆ ಇಲ್ಲೇ ಇರ್ತೀಯಲ್ಲ ಅಂತ ಸುಮ್ಮನಿದ್ದೆ.” ಅವರು ಮಲಗಿಸಿದ್ದ ರಾಜನನ್ನು ಎತ್ತಿ ಕೈಯಲ್ಲಿ ಹಿಡಿದರು. “ಈ ಒಂದು ಮಾತಿಗೆ ಹನ್ನೊಂದು ವರ್ಷ ಬೇಕಾಯ್ತು ನೋಡು. ಎಷ್ಟಾದ್ರೂ ರಾಜ... ಒಂದೊಂದೇ ಮನೆ ನಡೀಬೇಕು.”

ಅವಳಿಗೆ ದುಃಖಕ್ಕಿಂತ ಮೊದಲು ಕೋಪ ಉಕ್ಕಿತು. “ಹನ್ನೊಂದು ವರ್ಷ, ಅಪ್ಪಾ!” ಎಂದು ಅವಳು ಕೂಗಿದ ಕೂಗಿಗೆ ಪಂಜರದ ಪೀಪಿಯೂ ನಿಂತಿತು. ಅತ್ತಳು, ಬೈದಳು, ಮಣೆಯನ್ನು ದೂಡಿದಳು. ಆದರೆ ಬೈಯುತ್ತ ಬೈಯುತ್ತಲೇ ಅವಳ ಹೆಬ್ಬೆರಳಿಗೆ ಆ ಸವೆದ ಮರದ ನುಣುಪು ನೆನಪಾಯಿತು. ಪಂದ್ಯಗಳ ಕರೆ ಬಂದಾಗ ತನ್ನನ್ನು ತಡೆದದ್ದು ಅಪ್ಪನೊಬ್ಬರೇ? ಹೊರಗೆ ಹೋಗಿ ನಿಜವಾಗಿಯೇ ಸೋತರೆ ಎಂಬ ಭಯವಿರಲಿಲ್ಲವೇ? ಬೇಕೆಂದೇ ಸೋಲುವವಳನ್ನು ಯಾರು ತಾನೇ ಸೋಲಿಸಿಯಾರು! ಅಪ್ಪ ಒಂದು ಕಡೆಯಿಂದ, ತಾನು ಇನ್ನೊಂದು ಕಡೆಯಿಂದ, ಇಬ್ಬರೂ ಸೇರಿಯೇ ಆ ಚಿಲಕ ಸರಿಸಿದ್ದರು. ಕೊನೆಗೆ ಅವಳು ಅಪ್ಪನ ಮಂಡಿಗೆ ಹಣೆಯಿಟ್ಟು ಜೇನುಗಾರನ ಮಾತನ್ನು ಹೇಳಿದಳು. ಅವರು ಅವಳ ತಲೆ ಸವರಿದರು, ಬೇಡವೆನ್ನಲಿಲ್ಲ.

ಮರುದಿನ ಗೋಪುರದ ಕೋಣೆಯಲ್ಲಿ ಅವಳು ಪ್ರವಾಸಿಗರಿಗೆ ಸವೆದ ತೂತನ್ನು ತೋರಿಸಿ, “ಚಿಲಕ ಒಳಗಿತ್ತು. ರಾಣಿ ಯಾಕೆ ಹಾಕಿಕೊಂಡರೋ ನನಗೆ ಗೊತ್ತಿಲ್ಲ,” ಎಂದಳು. ಯಾರೂ ಅಳಲಿಲ್ಲ, ಕಚೇರಿಯಿಂದ ಕರೆಯೂ ಬಂತು. ಅವಳು ಅಲ್ಲಿ ಕೆಲಸ ಬಿಡುವುದಾಗಿ ಹೇಳಿ, ನೇರ ಗಾಡಿಯ ಬಳಿಗೆ ಹೋಗಿ, ಪಂಜರವನ್ನು ತನ್ನ ಕೈಯಾರೆ ಅನಾಥ ಹುಳುಗಳ ನಡುವೆ ಇಟ್ಟಳು.

“ಇವು ಸಕ್ಕರೆ ತಿಂದು ಮುಗಿಸೋವರೆಗೆ ಗಾಡಿ ಹೊರಡಲ್ಲ,” ಎಂದ ಜೇನುಗಾರ, ನೆಲ ನೋಡುತ್ತ. “ಮೂರು ದಿನ.”

“ಮೂರು ದಿನದಲ್ಲಿ ಮದುವೆಗೆ ರುಜು ಹಾಕ್ಬಹುದು, ಬಟ್ಟೆ ಕಟ್ಟಿಕೊಳ್ಳಬಹುದು,” ಎಂದಳು ಅವಳು. “ನಾನೂ ಒಳಗಿಂದ ತಿಂತಾ ಬರ್ತೀನಿ.”

ಅವನು ತಲೆಯೆತ್ತಿದ... ಆ ನೋಟವನ್ನು ವರ್ಣಿಸುವ ದುಸ್ಸಾಹಸವನ್ನು ನಾನು ಮಾಡುವುದಿಲ್ಲ, ಓದುಗರೇ. ನಿಮ್ಮನ್ನೂ ಎಂದಾದರೂ ಯಾರಾದರೂ ಹಾಗೆ ನೋಡಿರಬಹುದು.

ಹೊರಡುವ ಬೆಳಿಗ್ಗೆ ಮಂಜು ಕರಗುತ್ತಿದ್ದಾಗ, ದಿಣ್ಣೆಯ ದಾರಿಯಲ್ಲಿ ಇಬ್ಬರು ಮುದುಕರು ಏದುಸಿರು ಬಿಡುತ್ತ ಹತ್ತಿಬಂದರು. ಹೆಂಡತಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ದೊರೆ ಹೊಸ್ತಿಲು ದಾಟಿದ್ದರು! ಮಾಸ್ತರರ ತೋಳು ಹಿಡಿದು ನಿಂತು, ಉಸಿರು ಹದಕ್ಕೆ ಬಂದ ಮೇಲೆ, ಅವರು ಕೋಟಿನ ಜೇಬಿನಿಂದ ಕರಿಮರದ ರಾಣಿಯೊಂದನ್ನು ತೆಗೆದು ಮಗಳ ಅಂಗೈಯಲ್ಲಿಟ್ಟರು. ಮಣೆಯಲ್ಲಿ ಅದು ಯಾವಾಗಲೂ ಅವರ ಕಡೆಯದು.

“ಇದು ನಿನ್ನ ಹತ್ತಿರ ಇರಲಿ. ಇನ್ಮೇಲೆ ನಾನು ರಾಣಿ ಇಲ್ಲದೆ ಆಡ್ತೀನಿ,” ಎಂದರು. “ಹಾಗಾದ್ರೂ ಈ ಮಾಸ್ತರು ಜನ್ಮದಲ್ಲಿ ಒಂದು ಸಲ ಗೆಲ್ಲಲಿ.”

ಮಾಸ್ತರರು ನಕ್ಕರು. ಅವಳು ಮಾತ್ರ ನಗಲಾರದೆ ಆ ಕರಿಯ ರಾಣಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗಾಡಿ ಹತ್ತಿದಳು.

ನಾವು ಪ್ರೀತಿಸುವವರನ್ನು ಕಳೆದುಕೊಳ್ಳುವ ಭಯದಲ್ಲಿ ಎಷ್ಟು ಚಿಲಕಗಳನ್ನು ಸರಿಸುತ್ತೇವೆ, ಆ ಸದ್ದನ್ನು ಮಮತೆಯೆಂದೇ ಕೇಳಿಸಿಕೊಳ್ಳುತ್ತೇವೆ! ತಪ್ಪೆನ್ನಲು ನನಗೆ ನಾಲಗೆ ಬಾರದು. ಮಮತೆಯೂ ಅಲ್ಲಿ ಇಲ್ಲದಿರುವುದಿಲ್ಲ. ಆದರೆ ಆ ಸಂಜೆ ಐದೂವರೆಗೆ ಕಿರುಬೀದಿಯ ಮನೆಯ ಬಾಗಿಲು ತೆರೆದೇ ಇತ್ತು. ಹೇಮಂತದ ಬಿಸಿಲು ಹೊಸ್ತಿಲಲ್ಲಿ ಎಂದಿನಂತೆ ಕಾಯದೆ ಒಳಗೆ ಬಂದು, ಮಣೆಯ ಮೇಲೆ ಖಾಲಿಯಿದ್ದ ರಾಣಿಯ ಮನೆಯಲ್ಲಿ ಬಹಳ ಹೊತ್ತು ಕೂತಿತ್ತು.