ಮುಖ ನೋಡಿ ಓದುವ ವಾಕ್ಯ

ಗುರುಗಳು ಮದುವೆಗಳಲ್ಲಿ ಓದುತ್ತಿದ್ದುದು ಎರಡೇ ಭಾಗ. ಒಂದರಲ್ಲಿ ವಧುವಿನ ಕೂದಲು, ಕಣ್ಣು, ಕೊರಳು ಎಲ್ಲಕ್ಕೂ ಸಾಲು ಸಾಲು ಹೊಗಳಿಕೆ. ಇನ್ನೊಂದರಲ್ಲಿ ರೂಪವೆಂಬುದು ಬರೀ ಹೊಗೆ, ನೋಡಬೇಕಾದದ್ದು ಗುಣ. ಎರಡೂ ಒಂದೇ ಧರ್ಮಗ್ರಂಥದವು, ನಡುವೆ ನಾಲ್ಕಾರು ಹಾಳೆ.

ಯಾವ ಮದುಮಗಳಿಗೆ ಯಾವುದು ಎಂಬ ಗುಟ್ಟನ್ನು ಮೊದಲು ಹಿಡಿದವಳು ಚಿಕ್ಕಮ್ಮ.

"ಹದಿನೇಳು ಮದುವೆ ನೋಡಿದೀನಿ ಕಣೇ. ಚೆಂದದ ಹುಡುಗೀರಿಗೆ ಕೊರಳು, ಮಿಕ್ಕೋರಿಗೆ ಗುಣ. ನನಗೆ ಗುಣಾನೇ ಓದಿದ್ರು. ನಿಮ್ಮ ಚಿಕ್ಕಪ್ಪ ತಲೆ ಬೇರೆ ಆಡಿಸಿದ್ರು!"

ಕೇಳುತ್ತಿದ್ದವಳು ಚಿಕ್ಕಮ್ಮನ ಅಕ್ಕನ ಮಗಳು, ಮದುವೆಗೆ ಒಂಬತ್ತೇ ದಿನ ಉಳಿದಿದ್ದವಳು. ಅವಳಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ದಿನವಿಡೀ ಕನ್ನಡಿಯೆದುರು ಕೂತವರ ಮುಖ ಅಳೆಯುವವಳು. ತನ್ನ ಮುಖದ ಬಗ್ಗೆ ಭ್ರಮೆಯೇನೂ ಇರಲಿಲ್ಲ. ಆದರೆ ಅದರ ತೀರ್ಪನ್ನು ಇನ್ನೂರು ಜನರ ಮುಂದೆ ಓದಿಸಿಕೊಳ್ಳುವುದು ಬೇರೆ ಮಾತು.

ಮರುದಿನ ಗುರುಗಳೇ ಅಂಗಡಿಗೆ ಬಂದರು. ಹತ್ತು ಚೌಕಟ್ಟು ಹಾಕಿ ತೆಗೆದರು.

"ಇದ್ರಲ್ಲಿ ವಯಸ್ಸು ಜಾಸ್ತಿ ಕಾಣುತ್ತೇನಮ್ಮ?"

ಹೊಗೆಯ ಮೇಲೆ ಇಷ್ಟೊಂದು ಕಾಳಜಿ! ಹನ್ನೊಂದನೆಯದನ್ನು ಕೊಡುತ್ತ ಅವಳು ಕೇಳಿಯೇಬಿಟ್ಟಳು. "ನನಗೆ ಯಾವುದು ಓದ್ತೀರಾ ಗುರುಗಳೇ?"

"ಸಂದರ್ಭ ನೋಡಿಕೊಂಡು..."

"ಸಂದರ್ಭಾನೋ, ಮುಖಾನೋ?"

ಗುರುಗಳು ಕೆಮ್ಮಿದರು. "ಒಂದಕ್ಕೊಂದು ವಿರೋಧ ಅನ್ಸುತ್ತೆ, ಹಾಗಿಲ್ಲ ತಾಯಿ. ಹೊಗಳೋದು ಮದುಮಗನ ಮಾತು. ಎಚ್ಚರ ಹೇಳೋದು ಸೊಸೆ ಹುಡುಕೋ ತಾಯಿ ಮಾತು. ಬಾಯಿ ಬೇರೆ, ಅಷ್ಟೇ."

"ನೀವು ಗಂಡನೂ ಅಲ್ಲ, ಅತ್ತೇನೂ ಅಲ್ಲ. ಆರಿಸೋ ಉಸಾಬರಿ ನಿಮಗ್ಯಾಕೆ?"

ಗುರುಗಳು ಕೈಗನ್ನಡಿ ಕೆಳಗಿಟ್ಟರು. "ಸರಿ, ಹೊಗಳಿಕೇನ ನಿನ್ನ ಗಂಡಿನ ಕೈಲೇ ಓದಿಸ್ತೀನಿ."

ಇಷ್ಟು ಸಲೀಸಾಗಿ ಒಪ್ಪಿದರೆಂದು ಕೇಳಿ ಚಿಕ್ಕಮ್ಮನಿಗೆ ಅದರಲ್ಲೂ ಮಸಲತ್ತೇ ಕಂಡಿತು. "ಜನ ನಕ್ಕರೆ ತನ್ನ ತಲೆ ಮೇಲೆ ಬರಬಾರ್ದು ಅಂತ ಜಾರಿಕೊಂಡ್ರು, ನೋಡ್ತಿರು." ಹುಡುಗಿಯ ತಲೆಯಲ್ಲೂ ಅದೇ ಹುಳ ಕೊರೆಯತೊಡಗಿತು. ಓದುವವನು ಮನಸ್ಸಿನಿಂದ ಓದುತ್ತಾನೋ, ಹೇಳಿಕೊಟ್ಟಿದ್ದಕ್ಕೋ?

ಮದುಮಗನದು ಗೋದಾಮಿಗೆ ಬಂದ ಸರಕನ್ನು ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ. ಮದುವೆಯ ದಿನ ಗ್ರಂಥ ಹಿಡಿದು ನಿಂತ. ದನಿ ಒಣಗಿದ ಕಟ್ಟಿಗೆ. ಕೂದಲಿನ ಸಾಲು ಓದಿದ. ತಲೆಯೆತ್ತಿ ಅವಳ ಕೂದಲು ನೋಡಿದ. ಸರಿಯಿದೆ ಎಂಬಂತೆ ತಲೆಯಾಡಿಸಿ ಮುಂದಿನ ಸಾಲಿಗೆ ಹೋದ. ಕಣ್ಣಿಗೂ ಹಾಗೆಯೇ. ಸಭೆಯಲ್ಲಿ ಕಿಸಕ್ಕೆಂದರು ಯಾರೋ.

"ಕಮ್ಮಿ ಬಿದ್ರೆ ವಾಪಸ್ ಕಳಿಸ್ತಾನೇನೋ," ಎಂದು ಚಿಕ್ಕಮ್ಮ ಪಿಸುಗುಟ್ಟಿದಳು.

ಮದುಮಗಳು ಅವನ ಮುಖವನ್ನೇ ಕಾಯುತ್ತಿದ್ದಳು, ಎಲ್ಲಿ ತಡವರಿಸುತ್ತಾನೆಂದು. ಕೊರಳಿನ ಸಾಲಿಗೆ ಬಂದು ನಿಂತೇಬಿಟ್ಟ. ಗುರುಗಳು ಹೊಸ ಕನ್ನಡಕ ಸರಿಮಾಡಿಕೊಂಡರು.

"ಸ್ವಲ್ಪ ಗದ್ದ ಎತ್ತು," ಎಂದ ಅವನು, "ಕಾಣ್ತಿಲ್ಲ."

ಅವಳು ಕೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಎತ್ತಿದಳು.