ಮೇಷ್ಟ್ರ ಮರೆವು

"ಬೇಕಾದ್ರೆ ಇವಳನ್ನೇ ಕೇಳಿ ಸಾರ್," ಎಂದು ವೆಂಕಟರಾಮಪ್ಪ ಪಕ್ಕದಲ್ಲಿ ಕೂತಿದ್ದ ಪ್ರಮೋದಾಳ ಕಡೆ ಕೈ ತೋರಿಸಿದರು. "ನನ್ಗೆ ಇಂಗ್ಲಿಷ್ ಬರಲ್ಲ. ಅವತ್ತು ಅಗ್ರಿಮೆಂಟು ಓದಿ ಹೇಳಿದ್ದು ಈ ಮಗಳು. ನಾನು ಏನು ಕೇಳ್ದೆ, ಅವರು ಏನಂದ್ರು, ಎಲ್ಲಾ ಇವಳ ಎದುರ‍್ಗೇ ಆಗಿದ್ದು."

ಬೆಂಗಳೂರಿನ ಕಲಾವಿದರ ಸಂಘದ ಆ ಕೋಣೆಯಲ್ಲಿ ಎರಡೂ ಕಡೆಯವರ ಮಾತು ಕೇಳಲು ಸಭೆ ಕೂತಿತ್ತು. ಕಾರ್ಯದರ್ಶಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪ್ರಮೋದಾಳನ್ನು ನೋಡಿದರು. ಎದುರುಗಡೆ ನಿರ್ಮಾಪಕ ಅನಿಲ್‌ಕುಮಾರ್ ಪೇಪರ್ ಕಪ್ಪಿನ ಅಂಚನ್ನು ಉಗುರಿನಿಂದ ಸುಲಿಯುತ್ತ ತಲೆ ತಗ್ಗಿಸಿಕೊಂಡಿದ್ದ. ಹಿಂದಿನ ಸಾಲಿನಲ್ಲಿ ಭೀಮರಾಜ್ ಮತ್ತು ಸಿನಿಮಾದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ್ದ ಉಳಿದವರು, ಇನ್ನೇನು ತಮ್ಮ ಕಡೆ ತೀರ್ಪಾಯಿತು ಎನ್ನುವವರ ಹಾಗೆ ಆರಾಮಾಗಿ ಕೂತಿದ್ದರು.

ಗಲಾಟೆ ಇದ್ದದ್ದು ಇಷ್ಟು. ದೇವನಹಳ್ಳಿ ಕಡೆ ಲೇಔಟ್ ಮಾಡಿ ಕೈ ತುಂಬಿಸಿಕೊಂಡಿದ್ದ ಅನಿಲ್‌ಕುಮಾರನಿಗೆ ಸಿನಿಮಾ ಮಾಡುವ ಆಸೆ ಹುಟ್ಟಿತ್ತು. ಸಾಸಲಿನಲ್ಲಿದ್ದುಕೊಂಡು ಊರೂರು ಸುತ್ತಿ ಪೌರಾಣಿಕ ನಾಟಕ ಕಲಿಸುತ್ತಿದ್ದ ವೆಂಕಟರಾಮಪ್ಪ ಮೇಷ್ಟ್ರೇ ಅದರ ನಾಯಕ. ಮಾತು ಬಿಟ್ಟ ಮಗಳನ್ನು ಹುಡುಕಿಕೊಂಡು ಹೋಗುವ ಅಪ್ಪನ ಪಾತ್ರ. ಮಗಳ ಪಾತ್ರ ಪ್ರಮೋದಾಳದ್ದು. ಯಾರಿಗೂ ದೊಡ್ಡ ಸಂಭಾವನೆ ಇರಲಿಲ್ಲ. ಅದರ ಬದಲು, ಥಿಯೇಟರಿನ ಕಲೆಕ್ಷನ್‌ನಲ್ಲಿ ಎಲ್ಲರಿಗೂ ಪಾಲು ಎಂದು ಮಾತಾಗಿತ್ತು. ಆದರೆ ಸಿನಿಮಾ ಯಾವ ಶುಕ್ರವಾರ ಥಿಯೇಟರಿಗೆ ಬಂತೋ ಅದೇ ಶುಕ್ರವಾರ ಮೊಬೈಲಿಗೂ ಬಂತು. ದೊಡ್ಡಬಳ್ಳಾಪುರದ ಥಿಯೇಟರಿನಲ್ಲಿ ಮೊದಲ ದಿನ ಮೇಷ್ಟ್ರಿಗೆ ಹಾರ ಹಾಕಿದರು. ಭಾನುವಾರದ ಹೊತ್ತಿಗೆ ಊರಿನವರೆಲ್ಲ ಅರಳಿಕಟ್ಟೆಯ ಮೇಲೆ ಕೂತು ಅಂಗೈಯಲ್ಲೇ ಮೇಷ್ಟ್ರನ್ನು ನೋಡುತ್ತಿದ್ದರು. ಮುಂದಿನ ವಾರ ಥಿಯೇಟರಿನವರು ಪೋಸ್ಟರ್ ಕಿತ್ತರು. ಮೊಬೈಲಿನ ಆ್ಯಪ್ ಕಂಪನಿಯವರು ಕೊಟ್ಟ ದುಡ್ಡು ಕಲೆಕ್ಷನ್ ಅಲ್ಲ, ಅದರಲ್ಲಿ ಪಾಲಿಲ್ಲ ಎಂದು ಅನಿಲ್‌ಕುಮಾರ್ ಕಾಗದ ತೋರಿಸಿದ. ಎರಡೂ ಕಡೆ ಒಟ್ಟಿಗೆ ಬಿಡುತ್ತೇನೆಂದು ಮೊದಲೇ ಹೇಳಿದ್ದೆ, ಎಲ್ಲರೂ ಒಪ್ಪಿಯೇ ಸಹಿ ಹಾಕಿದ್ದು ಎಂದು ವಾದಿಸಿದ. ಕಾಗದದಲ್ಲಿ ಆ ಬಗ್ಗೆ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ. ಉಳಿದದ್ದು ಬಾಯಿಮಾತೊಂದೇ.

ಆ ಬಾಯಿಮಾತು ಪ್ರಮೋದಾಳಿಗೆ ಚೆನ್ನಾಗಿ ನೆನಪಿತ್ತು. ಸಾಸಲಿನ ಶಾಲೆಯ ಜಗಲಿಯಲ್ಲಿ ಸಿನಿಮಾದ ಮುಹೂರ್ತದ ಪೂಜೆ ಮುಗಿದು ಊಟವಾಗಿತ್ತು. ಅವಳು ಕಾಗದವನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದಾಗ ಮೇಷ್ಟ್ರು ಮಧ್ಯೆ ತಡೆದು, ಈಗ ಎಲ್ಲಾ ಸಿನಿಮಾನೂ ಮೊಬೈಲಿಗೆ ಬಂದುಬಿಡುತ್ತಲ್ಲ, ನಮ್ಮದು ಯಾವಾಗ ಬರುತ್ತೆ ಎಂದು ಕೇಳಿದ್ದರು. ಮಜ್ಜಿಗೆ ಲೋಟ ಹಿಡಿದು ಓಡಾಡುತ್ತಿದ್ದ ಅನಿಲ್‌ಕುಮಾರ್ ನಿಂತು, "ಮೊದ್ಲು ಥಿಯೇಟರ‍್ನಲ್ಲಿ ಓಡ್ಲಿ ಮೇಷ್ಟ್ರೇ. ಎರಡು ತಿಂಗಳಾದ್ಮೇಲೆ ತಾನೇ ಮೊಬೈಲ್ ಮಾತು," ಎಂದಿದ್ದ. ಅವನ ಲೋಟದ ಅಂಚಿಗೆ ಕರಿಬೇವಿನ ಎಲೆಯೊಂದು ಅಂಟಿಕೊಂಡಿದ್ದದ್ದೂ ಅವಳಿಗೆ ನೆನಪಿತ್ತು.

ಆದರೆ ಸಂಘದ ಕಚೇರಿಗೆ ಬರುವ ಎರಡು ದಿನ ಮೊದಲು ಅದೇ ಅನಿಲ್‌ಕುಮಾರ್ ಅವಳಿಗೆ ಫೋನ್ ಮಾಡಿದ್ದ. ಜಗಳದ ಮಾತೇ ಎತ್ತಲಿಲ್ಲ. ಮೊಬೈಲಿನವರು ತನ್ನ ಕೈಯಲ್ಲೇ ಒಂದು ಸೀರೀಸ್ ಮಾಡಿಸುತ್ತಿದ್ದಾರೆ, ಕಥೆಯೆಲ್ಲ ಒಬ್ಬ ತಾಯಿಯ ಸುತ್ತ, ಅವರಿಗೆ ನಿಮ್ಮ ಮುಖವೇ ಬೇಕಂತೆ ಎಂದ. ಪ್ರಮೋದಾ ದೊಡ್ಡಬಳ್ಳಾಪುರದಿಂದ ಬೆಳಗಿನ ಬಸ್ಸು ಹಿಡಿದು ಸೀರಿಯಲ್ಲುಗಳಿಗೆ ಹೋಗಿಬರಲು ಶುರುಮಾಡಿದಾಗ ಇನ್ನೂ ಮದುವೆಯಾಗಿರಲಿಲ್ಲ. ಈಗ ತಲೆಗೆ ಬಣ್ಣ ಹಚ್ಚುವ ವಯಸ್ಸು. ಅಷ್ಟು ವರ್ಷವೂ ಅವಳು ಯಾರದೋ ಅತ್ತಿಗೆಯಾಗಿ, ಯಾರದೋ ಪಕ್ಕದ ಮನೆಯವಳಾಗಿ, ಹೆಣದ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತವಳು. ಫೋನ್ ಇಡುವ ಮುಂಚೆ ಅನಿಲ್‌ಕುಮಾರ್, "ನಾನು ಅವತ್ತೇ ಹೇಳಿದ್ದೆ ಅಂತ ನನ್ಗೆ ನೆನಪು. ನೀವೂ ಸ್ವಲ್ಪ ನೆನಪು ಮಾಡ್ಕೊಳ್ಳಿ ಮೇಡಂ," ಎಂದಿದ್ದ. ಸುಳ್ಳು ಹೇಳಿ ಎಂದು ಅವನು ಕೇಳಿರಲಿಲ್ಲ.

"ಹೇಳಮ್ಮ," ಎಂದರು ಕಾರ್ಯದರ್ಶಿ.

"ಅವತ್ತೇ ಹೇಳಿದ್ರು ಸಾರ್, ಎರಡೂ ಕಡೆ ಒಟ್ಟಿಗೇ ಬರುತ್ತೆ ಅಂತ," ಎಂದಳು ಪ್ರಮೋದಾ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೋಣೆ ಇನ್ನೂ ತನ್ನನ್ನೇ ನೋಡುತ್ತಿದೆ ಅನ್ನಿಸಿ ಮತ್ತೊಂದು ಮಾತು ಸೇರಿಸಿದಳು. "ಮೇಷ್ಟ್ರಿಗೆ ವಯಸ್ಸಾಯ್ತು. ಮರೆತಿರಬಹುದು."

ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಎಳೆದರು. ಮೇಷ್ಟ್ರು ಅವಳ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟು ಕಾಣುತ್ತದೆಂದು ಅವಳು ಹೆದರಿದ್ದಳು. ಅದು ಇರಲಿಲ್ಲ. ಜೇಬಿನಲ್ಲಿಟ್ಟದ್ದು ಸಿಗದೆ ತಡಕಾಡುವವನ ಮುಖ ಅದು.

"ಹೌದಾ ಮಗಾ?"

"ಹೌದು ಮೇಷ್ಟ್ರೇ."

ಮೇಷ್ಟ್ರು ಕಾರ್ಯದರ್ಶಿಯ ಕಡೆ ತಿರುಗಿ, "ಹಂಗಾದ್ರೆ ನಾನೇ ಮರ‍್ತಿದೀನಿ ಸಾರ್. ಇವಳು ಸುಳ್ಳು ಹೇಳೋಳಲ್ಲ," ಎಂದರು. ಎದ್ದು ನಿಂತು ಅನಿಲ್‌ಕುಮಾರನಿಗೆ ಕೈ ಮುಗಿದು, ನಿಮ್ಮ ಮೇಲೆ ಅನುಮಾನ ಪಟ್ಟದ್ದು ತಪ್ಪಾಯಿತು ಎಂದು ಕ್ಷಮೆ ಕೇಳಿದರು. ಅನಿಲ್‌ಕುಮಾರ್ ಕೂಡ ಆ ಹೊತ್ತಿಗೆ ಅವರ ಮುಖ ನೋಡಲಾರದೆ ಕಪ್ಪನ್ನು ಕಸದ ಬುಟ್ಟಿಗೆ ಹಾಕಲು ಎದ್ದ.

ಮೆಟ್ಟಿಲಿಳಿಯುವಾಗ ಭೀಮರಾಜ್ ಅವಳ ಪಕ್ಕಕ್ಕೆ ಬಂದ. ನೆಲಮಂಗಲದಲ್ಲಿ ಆಟೊ ಓಡಿಸಿಕೊಂಡು, ಬಿಡುವಿದ್ದಾಗ ಪಾತ್ರ ಮಾಡುತ್ತಿದ್ದವನು. "ಅವತ್ತು ನಾನು ಅಡುಗೆ ಹತ್ರ ಇದ್ದೆ ಅಕ್ಕ, ಕೇಳಿಸ್ಕೊಳ್ಳಲಿಲ್ಲ. ಕೇಳಿಸ್ಕೊಂಡಿದ್ದು ನೀವಿಬ್ರೇ," ಎಂದಷ್ಟೇ ಹೇಳಿ ಮುಂದೆ ಹೋದ.

ಸೀರೀಸಿನ ಶೂಟಿಂಗ್ ದೇವನಹಳ್ಳಿ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ಶುರುವಾಯಿತು. ವಿಮಾನ ಹಾರಿದಾಗಲೆಲ್ಲ ಸೌಂಡಿನವನು ಕೈ ಎತ್ತುತ್ತಿದ್ದ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಿದ್ದರು. ಪ್ರಮೋದಾ ಕಣ್ಣೀರನ್ನು ಕಣ್ಣಲ್ಲೇ ಹಿಡಿದು ಕಾಯುವುದನ್ನು ಕಲಿತಳು. ಅವಳಿಗೇ ಪ್ರತ್ಯೇಕ ಕೋಣೆ, ಛತ್ರಿ ಹಿಡಿಯಲು ಒಬ್ಬ ಹುಡುಗಿ. ಡೈರೆಕ್ಟರು, ಇಷ್ಟು ದಿನ ಎಲ್ಲಿದ್ದಿರಿ ಮೇಡಂ ಎಂದ. ಅವಳಿಗೆ ಖುಷಿಯಾಗುತ್ತಿತ್ತು. ಆ ಖುಷಿಯನ್ನು ಬಿಚ್ಚಿ ನೋಡಲು ಹೋಗುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಗಂಡ ದೇವೇಂದ್ರನಿಗೆ ಸಂಘದಲ್ಲಿ ಆದದ್ದನ್ನು ಹೇಳಲು ಬಾಯಿ ತೆರೆದಳು. ಮಗ್ಗದ ಸದ್ದಿನಲ್ಲಿ ದಿನ ಕಳೆದು ಬಂದಿದ್ದ ಅವನು ಅರ್ಧ ಕೇಳಿ, ಇಂಥದ್ದೆಲ್ಲ ಎಲ್ಲಾ ಕಡೆ ಇದ್ದದ್ದೇ, ಹಬ್ಬಕ್ಕೆ ಮೇಷ್ಟ್ರಿಗೊಂದು ಪಂಚೆ ಕೊಟ್ಟು ಬಾ ಎಂದ.

ಕಾರ್ತೀಕದಲ್ಲಿ ಅವಳು ಮೇಷ್ಟ್ರ ಸೊಸೆ ಅರ್ಪಿತಳನ್ನು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕಂಡಳು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದಿದ್ದ ಹುಡುಗಿ, ಕೊರಳಲ್ಲಿನ್ನೂ ಫ್ಯಾಕ್ಟರಿಯ ಗುರುತಿನ ಚೀಟಿ. ಮಾವ ಹೇಗಿದ್ದಾರೆ ಎಂದು ಪ್ರಮೋದಾ ವಾಡಿಕೆಗೆ ಕೇಳಿದಳು.

ಮಾವ ನಾಟಕ ಬಿಟ್ಟರು ಎಂದಳು ಅರ್ಪಿತ. ಚನ್ನರಾಯಪಟ್ಟಣದ ಕಡೆಯವರು ಹಾರ್ಮೋನಿಯಂ ಸಮೇತ ಕರೆದುಕೊಂಡು ಹೋಗಲು ಬಂದಿದ್ದರಂತೆ. ನಾನು ಸ್ಟೇಜಿನ ಪಕ್ಕ ಕೂತು ಪದ್ಯ ಮರೆತರೆ ನಿಮ್ಮ ಮರ್ಯಾದೆ ಹೋಗುತ್ತದೆ ಎಂದು ವಾಪಸು ಕಳಿಸಿದರಂತೆ. ಗ್ಯಾಸ್ ಆರಿಸಿದೆನಾ, ಹಸುವಿಗೆ ನೀರಿಟ್ಟೆನಾ ಎಂದು ಮೂರು ಮೂರು ಸಲ ಎದ್ದುಹೋಗಿ ನೋಡುತ್ತಾರಂತೆ. "ತಲೆ ಸ್ಕ್ಯಾನ್ ಮಾಡ್ಸಿದ್ವಿ. ಏನೂ ಇಲ್ಲ, ನಿಮ್ಗಿಂತ ಚೆನ್ನಾಗವ್ರೆ ಅಂದ್ರು ಡಾಕ್ಟ್ರು. ಇವ್ರು ನಂಬಲ್ಲ ಅಕ್ಕ. ಪ್ರಮೋದಾನೇ ಹೇಳಿದ್ಮೇಲೆ ಡಾಕ್ಟ್ರು ಏನು ಹೇಳೋದು ಅಂತಾರೆ."

ಬಸ್ಸು ಬಂತು, ಅರ್ಪಿತ ಓಡಿದಳು. ಪ್ರಮೋದಾಳಿಗೆ ತಾನು ತನ್ನ ಬಸ್ಸು ತಪ್ಪಿಸಿಕೊಂಡದ್ದು ಗೊತ್ತಾದದ್ದು ನಿಲ್ದಾಣ ಅರ್ಧ ಖಾಲಿಯಾದ ಮೇಲೆ. ಮೇಷ್ಟ್ರ ದುಡ್ಡು ಹೋಯಿತು ಎಂದೇ ಅವಳು ಇಷ್ಟು ದಿನ ಅಳೆದುಕೊಂಡಿದ್ದಳು. ಎಷ್ಟೋ ನಾಟಕಗಳ ಒಂದೊಂದು ಪಾತ್ರದ ಒಂದೊಂದು ಮಾತನ್ನೂ ಎದೆಯಲ್ಲಿಟ್ಟುಕೊಂಡಿದ್ದ ಮನುಷ್ಯನಿಂದ ತಾನು ತೆಗೆದುಕೊಂಡದ್ದು ಬೇರೆಯೇ ಎಂಬುದು ಅವಳಿಗೆ ಈಗ ಹೊಳೆಯಿತು. ಮಾರನೆಯ ದಿನ ಶೂಟಿಂಗಿನಲ್ಲಿ ನಾಲ್ಕು ಸಲ ಮಾತು ತಪ್ಪಿದಳು. ವಿಮಾನ ಯಾವುದೂ ಹಾರಿರಲಿಲ್ಲ.

ಶನಿವಾರ ಅವಳು ಸಾಸಲಿಗೆ ಹೋದಳು. ಮೇಷ್ಟ್ರು ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದರು. ಅವಳನ್ನು ಕಂಡದ್ದೇ ಮುಖ ಅರಳಿತು. "ಬಾ ಮಗಾ, ಬಾ," ಎಂದು ಮೊರ ಸರಿಸಿ ಜಾಗ ಮಾಡಿದರು. ಸೀರೀಸ್ ಹೇಗೆ ನಡೆಯುತ್ತಿದೆ, ಊಟ ಸರಿಯಾಗಿ ಹಾಕುತ್ತಾರಾ ಎಂದು ವಿಚಾರಿಸಿದರು. ಒಳಗಿದ್ದ ಸೊಸೆಗೆ ಕಾಫಿ ಮಾಡಲು ಹೇಳಿದರು. ಎರಡು ನಿಮಿಷ ಬಿಟ್ಟು ಅವಳ ಕಡೆ ಬಗ್ಗಿ, ಕಾಫಿಗೆ ಹೇಳಿದೆನಾ ನಾನು ಎಂದು ಮೆಲ್ಲಗೆ ಕೇಳಿದರು.

"ಹೇಳಿದ್ರಿ ಮೇಷ್ಟ್ರೇ," ಎಂದಳು ಪ್ರಮೋದಾ. "ಅವತ್ತೂ ನೀವು ಮರ‍್ತಿರ್ಲಿಲ್ಲ."

"ಯಾವತ್ತು?"

ಅವಳು ಹೇಳಿದಳು. ಶಾಲೆಯ ಜಗಲಿ, ಕಾಗದ, ಅವರು ಕೇಳಿದ ಪ್ರಶ್ನೆ. ಎರಡು ತಿಂಗಳಾದ ಮೇಲೆ ಎಂದು ಅನಿಲ್‌ಕುಮಾರ್ ಆಡಿದ ಮಾತಿಗೆ ಬಂದಳು. ಮೇಷ್ಟ್ರು ಅಲ್ಲಿಂದ ಮುಂದಕ್ಕೆ ತಾವೇ ಹೇಳುತ್ತ ಹೋದರು. ಅವನು ಯಾವ ಕಂಬದ ಹತ್ತಿರ ನಿಂತಿದ್ದ, ಮಜ್ಜಿಗೆ ಲೋಟ ಯಾವ ಕೈಯಲ್ಲಿತ್ತು, ಎರಡು ತಿಂಗಳು ಅಂದದ್ದಕ್ಕೆ ತಾನು ಹಾಗಾದರೆ ಸರಿ ಎಂದು ಯಾವ ಧಾಟಿಯಲ್ಲಿ ಅಂದೆ, ಆಮೇಲೆ ಪೆನ್ನು ಬರೆಯದೆ ಎರಡನೇ ಪೆನ್ನಿನಲ್ಲಿ ಸಹಿ ಮಾಡಿದ್ದು. ಹೇಳುತ್ತ ಹೇಳುತ್ತ ಅವರ ದನಿ ಗಟ್ಟಿಯಾಯಿತು, ನಾಟಕ ಕಲಿಸುವಾಗಿನ ದನಿ. ಕೊನೆಗೆ ಅವಳ ಮುಖ ನೋಡಿದರು.

"ಹಿಂಗೇ ಆಗಿದ್ದಾ?"

"ಹಿಂಗೇ ಆಗಿದ್ದು. ನಾನು ಸಂಘದಲ್ಲಿ ಸುಳ್ಳು ಹೇಳ್ದೆ. ಆ ಪಾತ್ರಕ್ಕೋಸ್ಕರ ಹೇಳ್ದೆ."

ಮೇಷ್ಟ್ರು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. ಇನ್ನೊಂದನ್ನು ತೆಗೆದುಕೊಳ್ಳಲಿಲ್ಲ.

"ಅರ್ಪಿತಾ," ಎಂದು ಒಳಗೆ ಕೂಗಿದರು. "ನನ್ನ ತಲೆ ನೆಟ್ಟಗೇ ಐತಂತೆ ಕಣಮ್ಮ." ಆ ಮಾತಿನಲ್ಲಿ ಪರೀಕ್ಷೆ ಪಾಸಾದ ಮಗುವಿನ ಸಂತೋಷ ಇತ್ತು. ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದ ಅರ್ಪಿತ ಇಬ್ಬರ ಮುಖವನ್ನೂ ನೋಡಿ ಅಲ್ಲೇ ನಿಂತಳು. ಪ್ರಮೋದಾಳ ಕಣ್ಣಿಂದ ನೀರು ಸುರಿಯತೊಡಗಿತು. ಕ್ಯಾಮೆರಾ ಮುಂದೆ ಅಳುವಾಗ ಅವಳ ಮುಖ ಅಂದವಾಗಿರುತ್ತಿತ್ತು. ಈಗ ಮೂಗು ಬಾಯಿ ಎಲ್ಲ ಒಂದಾಗಿ, ಸೆರಗಿಗೂ ನಿಲ್ಲಲಿಲ್ಲ. ಮೇಷ್ಟ್ರು ಸಮಾಧಾನ ಮಾಡಲಿಲ್ಲ. ನೋಡುತ್ತ ಕೂತಿದ್ದರು. ಅವರ ಸಂತೋಷ ಸ್ವಲ್ಪ ಸ್ವಲ್ಪವೇ ಮುಖದಿಂದ ಇಳಿದುಹೋಯಿತು.

"ದುಡ್ಡು ಹೋದ್ರೆ ಹೋಗ್ಲಿ," ಎಂದರು ಕೊನೆಗೆ. "ಬೆಳಿಗ್ಗೆ ಎದ್ರೆ ನನ್ಗೆ ನನ್ನ ಮೇಲೇ ನಂಬ್ಕೆ ಇರ್ಲಿಲ್ಲ." ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದರು. "ಇದನ್ನ ಅಲ್ಲಿ ಬಂದು ಹೇಳ್ತೀರಾ?"

ಬಹುವಚನ ಅವಳ ಕಿವಿಗೆ ಬಿತ್ತು. "ಹೇಳ್ತೀನಿ," ಎಂದಳು.

"ಹಂಗಾದ್ರೆ ಸೋಮವಾರ ಬನ್ನಿ."

ಅರ್ಪಿತ ತಂದಿದ್ದ ಕಾಫಿಯನ್ನು ಯಾರೂ ಮುಟ್ಟಲಿಲ್ಲ.

ಭಾನುವಾರ ಅವಳು ಅನಿಲ್‌ಕುಮಾರನಿಗೆ ಫೋನ್ ಮಾಡಿ, ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಅವನು ಕೂಗಾಡಲಿಲ್ಲ. ನೀವು ಯೋಚನೆ ಮಾಡಿಯೇ ಹೇಳ್ತಿದೀರ ತಾನೇ ಎಂದು ಒಮ್ಮೆ ಕೇಳಿ, ಆಮೇಲೆ ಉಳಿದ ಕಥೆಯ ಬಗ್ಗೆ ಮಾತಾಡಿದ. ತಾಯಿಯನ್ನು ಐದನೇ ಎಪಿಸೋಡಿನಲ್ಲೇ ಸಾಯಿಸುವುದು ಕಷ್ಟವೇನಲ್ಲ, ಫೋಟೊಗೆ ಹಾರ ಹಾಕಿದರೆ ಆಯಿತು ಎಂದ. ಪಕ್ಕದಲ್ಲಿ ಕೂತು ಕೇಳುತ್ತಿದ್ದ ದೇವೇಂದ್ರ ಎದ್ದು ಹೊರಗೆ ಹೋದ. ಅವತ್ತೆಲ್ಲ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಸೋಮವಾರ ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ಮೇಷ್ಟ್ರು ಅವಳಿಗಿಂತ ಮೊದಲೇ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಟವಲು. ಬಂದ್ರಾ ಎಂದು ಮಾತ್ರ ಕೇಳಿ ಬೆಂಗಳೂರಿನ ಬಸ್ಸು ಹತ್ತಿದರು. ಕಿಟಕಿ ಪಕ್ಕ ಕೂತು, ಟವಲನ್ನು ತೆಗೆದು ಪಕ್ಕದ ಸೀಟಿನ ಮೇಲೆ ಹಾಸಿದರು. ಪ್ರಮೋದಾ ಅದನ್ನು ನೋಡಿ ಅವರ ಹಿಂದಿನ ಸೀಟಿಗೆ ಹೋದಳು. ಕಂಡಕ್ಟರಿಗೆ ಆಧಾರ್ ತೋರಿಸುವಾಗ ಮುಂದಿನ ಸೀಟಿನಿಂದ ಮೆಲ್ಲನೆಯ ಗುನುಗು ಕೇಳಿತು. ಮೇಷ್ಟ್ರು ಯಾವುದೋ ಪದ್ಯ ಹೇಳಿಕೊಳ್ಳುತ್ತಿದ್ದರು. ಒಂದು ಮುಗಿದರೆ ತಡೆಯದೆ ಮತ್ತೊಂದು. ತಲೆ ಸಣ್ಣಗೆ ತಾಳಕ್ಕೆ ಆಡುತ್ತಿತ್ತು.

ರಾಜಾನುಕುಂಟೆಯಲ್ಲಿ ಸೊಪ್ಪಿನ ಗಂಟು ಹೊತ್ತ ಮುದುಕಿಯೊಬ್ಬಳು ಹತ್ತಿದಳು. ಸೀಟೆಲ್ಲ ತುಂಬಿತ್ತು. ಟವಲು ಹಾಸಿದ್ದ ಸೀಟು ಯಾರದ್ದೋ ಎಂದುಕೊಂಡು ಮುದುಕಿ ಅದನ್ನು ದಾಟಿ ಬಂದಳು. ಪ್ರಮೋದಾ ಎದ್ದು ಅವಳನ್ನು ಕೂರಿಸಿ, ಗಂಟನ್ನು ಸೀಟಿನ ಕೆಳಗೆ ತಳ್ಳಿ, ಕಂಬಿ ಹಿಡಿದು ನಿಂತಳು. ಮೇಷ್ಟ್ರ ಗುನುಗು ನಿಂತಿತು.

ಬಸ್ಸು ಎರಡು ಸ್ಟಾಪು ದಾಟಿತು. ಮೇಷ್ಟ್ರು ತಿರುಗಿ ನೋಡಲಿಲ್ಲ. ಕಿಟಕಿಯ ಆಚೆಗೇ ಕಣ್ಣಿಟ್ಟು ಎಡಗೈ ಚಾಚಿ ಟವಲನ್ನು ಎಳೆದುಕೊಂಡರು, ಮಡಚಿ ತೊಡೆಯ ಮೇಲಿಟ್ಟುಕೊಂಡರು. ಪ್ರಮೋದಾ ಕಂಬಿ ಬಿಡದೆ ಆ ಖಾಲಿ ಸೀಟನ್ನು ನೋಡುತ್ತ ನಿಂತಿದ್ದಳು. ಅದರ ಮೇಲೆ ಬೆಳಗಿನ ಬಿಸಿಲು ಬೀಳುತ್ತ, ಮರ ಅಡ್ಡ ಬಂದಾಗ ಅಳಿಸಿಹೋಗುತ್ತ, ಮತ್ತೆ ಬೀಳುತ್ತ ಇತ್ತು.