ಕೊಪ್ಪಳ ಅಂತಷ್ಟೇ ಬರೆದಿದ್ದ ವೀಸಾ

ಜಿಲ್ಲೆಗೆ ಬರುವ ವಿದೇಶಿಯರ ನೋಂದಣಿ ನೋಡಿಕೊಳ್ಳುತ್ತಿದ್ದವಳು ಹೆಡ್ ಕಾನ್‌ಸ್ಟೆಬಲ್ ರೇಣುಕಾದೇವಿ. ಆ ಮೇಜಿಗೆ ಬರುತ್ತಿದ್ದ ಕೆಲಸ ಹೆಚ್ಚುಕಡಿಮೆ ಒಂದೇ ಬಗೆಯದು. ಗಂಗಾವತಿ ಕಡೆ ಹೊಳೆಯ ದಂಡೆಯ ಗೆಸ್ಟ್‌ಹೌಸುಗಳಲ್ಲಿ ಇಳಿದುಕೊಂಡ ಫ್ರಾನ್ಸಿನವರು, ಇಸ್ರೇಲಿನವರು, ಅವರ ಪಾಸ್‌ಪೋರ್ಟ್ ನಂಬರು, ಎಷ್ಟು ದಿನ ಇರುತ್ತಾರೆ, ಮುಂದೆ ಎಲ್ಲಿಗೆ ಹೋಗುತ್ತಾರೆ. ಆ ಜನರನ್ನು ಅವಳು ಕಣ್ಣಿಂದ ಕಂಡದ್ದೇ ಕಡಿಮೆ. ಅವರ ಕಾಗದಗಳು ಮಾತ್ರ ಬರುತ್ತಿದ್ದವು.

ಎರಡು ಸಾವಿರದ ಹದಿನೆಂಟರ ಒಂದು ಮಂಗಳವಾರ ಹತ್ತೂವರೆಗೆ ಒಬ್ಬ ಹೆಂಗಸು ತಾನೇ ಮೆಟ್ಟಿಲು ಹತ್ತಿ ಬಂದಳು. ಅರವತ್ತು ದಾಟಿದ ವಯಸ್ಸು, ತಲೆಯ ತುಂಬ ಸೆರಗು, ಕೈಯಲ್ಲಿ ಹಸಿರು ಬಣ್ಣದ ಪಾಸ್‌ಪೋರ್ಟು. ಜೊತೆಗಿದ್ದವನು ಪೇಟೆಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ದಾವಲಸಾಬ.

"ನಮ್ಮ ಸಣ್ಣಮ್ಮರಿ, ಮೆಹರುನಬಿ. ಕರಾಚಿಯಿಂದ ಬಂದಾರ. ಇಪ್ಪತ್ತನಾಕು ತಾಸಿನ್ಯಾಗ ಪೊಲೀಸರ ಮುಂದ ಹಾಜರಾಗಬೇಕು ಅಂತ ಗಡಿಯಾಗ ಹೇಳ್ಯಾರಂತ. ನಿನ್ನೆ ಸಂಜಿಮುಂದ ಇಳದಾರ್ರಿ," ಎಂದ ಅವನು.

ರೇಣುಕಾದೇವಿ ತನಗೆ ಬಂದಷ್ಟು ಹಿಂದಿಯಲ್ಲಿ ಹೆಸರು ಕೇಳಲು ಬಾಯಿ ತೆರೆದಳು. ಮೆಹರುನಬಿ ಕೈಯೆತ್ತಿ ತಡೆದಳು. "ಕನ್ನಡದಾಗ ಕೇಳ ಯವ್ವಾ. ನಾ ಹನುಮಸಾಗರದಾಕಿ."

ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಮಗನನ್ನು ಮದುವೆಯಾಗಿ ಕರಾಚಿಗೆ ಹೋದವಳು ಅವಳು. ನಡುವೆ ಒಮ್ಮೆ ಮಾತ್ರ ಬಂದಿದ್ದಳು, ತಾಯಿ ತೀರಿಕೊಂಡಾಗ. ಅದಾಗಿ ಇಪ್ಪತ್ತೆರಡು ವರ್ಷ. ಆಗ ಹನುಮಸಾಗರ ರಾಯಚೂರು ಜಿಲ್ಲೆಯಲ್ಲಿತ್ತು, ಕೊಪ್ಪಳ ಇನ್ನೂ ಜಿಲ್ಲೆಯಾಗಿರಲಿಲ್ಲ. ಆಮೇಲೆ ಎರಡು ಸಲ ವೀಸಾ ಕೇಳಿದರೂ ಸಿಕ್ಕಿರಲಿಲ್ಲ. ಈಗ ಅಕ್ಕ ಗೌಸಬೀಗೆ, ಅಂದರೆ ದಾವಲಸಾಬನ ತಾಯಿಗೆ, ಲಕ್ವ ಹೊಡೆದಿತ್ತು. ಆಸ್ಪತ್ರೆಯವರು ಇನ್ನು ಮನೆಗೆ ಒಯ್ಯಿರಿ ಎಂದು ಕಳಿಸಿದ್ದರು. ಹಿರಿಯ ಮಗನ ಮನೆಯಲ್ಲಿ, ಹನುಮಸಾಗರದಲ್ಲಿ, ಹಾಸಿಗೆ ಹಿಡಿದಿದ್ದಳು. ದಾವಲಸಾಬನ ಕಾಗದಪತ್ರ ಸರಿಯಿದ್ದುದರಿಂದ ಅರ್ಜಿಯಲ್ಲಿ ಅವನ ಕೊಪ್ಪಳದ ಮನೆಯ ವಿಳಾಸ ಕೊಟ್ಟಿದ್ದರು.

ರೇಣುಕಾದೇವಿ ವೀಸಾದ ಹಾಳೆ ತಿರುವಿದಳು. ಹೋಗಬಹುದಾದ ಸ್ಥಳ ಎಂಬಲ್ಲಿ ಒಂದೇ ಪದವಿತ್ತು: ಕೊಪ್ಪಳ. ಅದು ಊರೋ ಜಿಲ್ಲೆಯೋ ಬರೆದಿರಲಿಲ್ಲ.

ಹಿಂದಿನ ವರ್ಷ ಯಾರೋ ಪ್ರವಾಸಿಯೊಬ್ಬ ಒಂದು ಗೆಸ್ಟ್‌ಹೌಸ್ ಬಿಟ್ಟು ಇನ್ನೊಂದಕ್ಕೆ ಹೋದದ್ದನ್ನು ದಾಖಲಿಸದೆ ಬಿಟ್ಟು ಅವಳು ಮೆಮೊ ತಿಂದಿದ್ದಳು. ಇದಂತೂ ಪಾಕಿಸ್ತಾನದ ವಿಷಯ, ಅದಕ್ಕಿಂತ ಸೂಕ್ಷ್ಮ. ಇನ್ಸ್‌ಪೆಕ್ಟರ್ ಬಂದೋಬಸ್ತಿಗೆಂದು ಹೊರಗೆ ಹೋಗಿದ್ದರು. ಎಸ್ಪಿ ಸಾಹೇಬರು ಮೇಲಿನ ಮಹಡಿಯಲ್ಲೇ ಇದ್ದರು. ಹೋಗಿ ಕೇಳಬಹುದಿತ್ತು. ಕೇಳಿದರೆ ತಿಳಿಯದವಳೆಂದು ಬೈಸಿಕೊಳ್ಳಬೇಕಾದೀತೆಂದು ಅವಳಿಗೆ ಅಂಜಿಕೆಯಾಯಿತು.

"ಕೊಪ್ಪಳ ಬಿಟ್ಟು ಎಲ್ಲೂ ಹೋಗಂಗಿಲ್ರಿ," ಎಂದಳು. "ಹನುಮಸಾಗರ ಕುಷ್ಟಗಿ ತಾಲೂಕಿನ್ಯಾಗ ಬರತೈತಿ. ಬೆಂಗಳೂರಿಗೆ ಬರದು ಕೇಳತೀನಿ. ಉತ್ತರ ಬರೂತನಕ ಕಾಯಬೇಕಾಕ್ಕೈತಿ."

"ಎಷ್ಟ ದಿನ ಯವ್ವಾ?"

"ಹೇಳಾಕ ಬರಂಗಿಲ್ರಿ."

"ನನಗೇನೋ ಮೂವತ್ತು ದಿನ ಕೊಟ್ಟಾರ," ಎಂದಳು ಮೆಹರುನಬಿ. "ಅಕ್ಕಗ ಎಷ್ಟ ದಿನ ಐತೋ ಯಾರಿಗೆ ಗೊತ್ತು."

ಮತ್ತೆ ವಾದಿಸಲಿಲ್ಲ. ಫೋಟೊ ಕೊಟ್ಟಳು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಸಹಿ ಮಾಡುವಾಗ ಪೆನ್ನು ಹಿಡಿದು ತುಸು ಹೊತ್ತು ಯೋಚಿಸಿ, ನಾಲ್ಕನೆಯ ಇಯತ್ತೆಯವರೆಗೆ ಶಾಲೆಯಲ್ಲಿ ಕಲಿತ ದುಂಡು ಕನ್ನಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು.

ಪತ್ರ ಅಂದೇ ಹೋಯಿತು. ಸಂಜೆ ಮನೆಯಲ್ಲಿ ರೇಣುಕಾದೇವಿ ರೊಟ್ಟಿ ಬಡಿಯುತ್ತಿದ್ದಾಗ ನವಲಿಯಿಂದ ಅಕ್ಕ ಫಕೀರಮ್ಮ ಫೋನು ಮಾಡಿ, ರವಿವಾರ ಬಾ ಎಂದಳು. "ಬರತೀನಿ ಬಿಡು, ಬಸ್ಸಿಗೇನು ಬರ ಐತೇನು," ಎಂದುಬಿಟ್ಟಳು ಇವಳು. ಅಂದ ಮೇಲೆ ಆ ಮಾತು ಅವಳಿಗೇ ಚುಚ್ಚಿತು. ಅಂದು ಉಂಡದ್ದು ಅರ್ಧ ರೊಟ್ಟಿ.

ಬುಧವಾರ ಮೆಹರುನಬಿ ಮತ್ತೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ರೇಣುಕಾದೇವಿಯೇ ಹೋಗಿ ಚಹಾ ಕೊಟ್ಟು, "ಫೋನಿನ್ಯಾಗ ಮಾರಿ ನೋಡಿ ಮಾತಾಡಿದ್ರ ಆಕ್ಕಿತ್ತಲ್ಲರಿ," ಎಂದಳು.

"ಮಾತಾಡೀನವ್ವಾ. ಫೋನಿನ್ಯಾಗ ನೋಡಾಕ ಕರಾಚಿಯಿಂದ ಬರೂದ್ಯಾಕ ಬೇಕಿತ್ತು?" ಎಂದಳು ಮುದುಕಿ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ.

ಬೆಂಗಳೂರಿಗೆ ಫೋನು ಮಾಡಿದರೆ, ಪತ್ರ ತಲುಪಿದೆ, ನೋಡುತ್ತೇವೆ ಎಂದರು. ಐದೂವರೆಗೆ ಬೆಂಚು ಖಾಲಿಯಾಯಿತು.

ಗುರುವಾರ ಬೆಳಗಾಗುತ್ತಲೇ ದಾವಲಸಾಬನ ಫೋನು ಬಂತು. ತಾಯಿಯ ಉಸಿರು ಮೇಲಕ್ಕೆ ಹತ್ತಿದೆ, ನೀರು ಗಂಟಲಿಗೆ ಇಳಿಯುತ್ತಿಲ್ಲ ಎಂದ. ರೇಣುಕಾದೇವಿ ಎಸ್ಪಿ ಸಾಹೇಬರು ಬರುವ ಮೊದಲೇ ಮೇಲಿನ ಮಹಡಿಗೆ ಹೋಗಿ ಬಾಗಿಲ ಬಳಿ ನಿಂತಳು.

ಸಾಹೇಬರು ಬೆಂಗಳೂರು ಕಡೆಯವರು. ನಿಂತುಕೊಂಡೇ ಹಾಳೆ ಓದಿದರು. "ಕೊಪ್ಪಳ ಅಂದ್ರೆ ಟೌನ್ ಮಾತ್ರ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ರಿ ಸರ್. ನಾನ ಹಂಗ ತಿಳಕೊಂಡೆ."

"ಈ ಜಿಲ್ಲೆಗೆ ನೋಂದಣಿ ಅಧಿಕಾರಿ ನಾನು. ಹನುಮಸಾಗರ ನನ್ನ ಜಿಲ್ಲೆಯೊಳಗೇ ಇದೆಯಲ್ಲ. ಮೊನ್ನೆನೇ ಯಾಕೆ ಬಂದು ಕೇಳಲಿಲ್ಲ?"

ಸಾಹೇಬರು ಹಾಳೆಯ ಅಂಚಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ರೇಣುಕಾದೇವಿಯೇ ಜೊತೆಗೆ ಹೋಗಬೇಕು, ಸಂಜೆಯೊಳಗೆ ಕರೆದುಕೊಂಡು ಬರಬೇಕು. ಇಷ್ಟಕ್ಕೆಲ್ಲ ಹಿಡಿದದ್ದು ಐದು ನಿಮಿಷ.

ಇಲಾಖೆಯ ಜೀಪಿನಲ್ಲಿ ಹೊರಟರು. ಮೆಹರುನಬಿ ಕಿಟಕಿಯ ಬದಿಗೆ ಕೂತು ಬಾಯಲ್ಲಿ ಏನೋ ಜಪಿಸುತ್ತಿದ್ದಳು. ಹೊಲಗಳಲ್ಲಿ ಸಜ್ಜೆ ಕೊಯ್ಲಿಗೆ ಬಂದಿತ್ತು. ಕುಷ್ಟಗಿ ದಾಟುವ ಹೊತ್ತಿಗೆ ದಾವಲಸಾಬನ ಫೋನು ಬಡಿಯಿತು. ಅವನು ಕಿವಿಗಿಟ್ಟು ಸುಮ್ಮನೆ ಕೇಳಿದ. ಆಮೇಲೆ ಫೋನನ್ನು ತೊಡೆಯ ಮೇಲೆ ಇಳಿಸಿದ.

ಮೆಹರುನಬಿ ಅವನ ಮುಖ ನೋಡಿದಳು. ಕಣ್ಣು ಮುಚ್ಚಿ ತೆರೆದಳು. "ಮತ್ತ ಹಚ್ಚು ಫೋನ," ಎಂದಳು. "ಯಾರೂ ನೀರು ಹಾಕಬ್ಯಾಡ್ರಿ ಅನ್ನು. ನಾ ಬಂದು ನನ್ನ ಕೈಯಾರ ಮೈ ತೊಳೀತೀನಿ."

ಹನುಮಸಾಗರದ ಮನೆಯ ಮುಂದೆ ಕೂತಿದ್ದ ಗಂಡಸರು ಎದ್ದು ದಾರಿ ಬಿಟ್ಟರು. ಒಳಗಿನ ಹೆಂಗಸರ ಅಳು ಒಮ್ಮೆ ಮೇಲಕ್ಕೇರಿ ತಣ್ಣಗಾಯಿತು. ಹಿತ್ತಲಲ್ಲಿ ಸೀರೆಗಳನ್ನು ಅಡ್ಡ ಕಟ್ಟಿ, ಕಾಯಿಸಿದ ನೀರನ್ನು ಒಯ್ದಿಟ್ಟರು. ರೇಣುಕಾದೇವಿ ಖಾಕಿಯಲ್ಲಿ ಒಳಗೆ ಹೋಗಲಾರದೆ ಓಣಿಯಲ್ಲೇ ನಿಂತಳು. ನೀರು ಬೀಳುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು.

ಎದುರು ಮನೆಯ ಯಂಕವ್ವ ಕುರ್ಚಿ ತಂದು ಹಾಕಿದಳು. "ಕುಂದರ್ರಿ ಯವ್ವಾ. ಎರಡ ದಿನದಿಂದ ಬರೀ ಬಾಗಲಾ ನೋಡಿದ್ಲರಿ ಗೌಸಬೀ. ನಾಲಿಗಿ ಹೊರಳತಿದ್ದಿಲ್ಲ, ಆದರೂ ಮೆಹರು ಬಂದ್ಳೇನು ಅಂತ ಕೇಳಾಕಿ. ಬಂದಾಳ, ಕೊಪ್ಪಳದಾಗ ಅದಾಳ ಅಂದ್ರ, ಕೊಪ್ಪಳತನಕ ಬಂದಾಕಿಗೆ ಇಲ್ಲಿಗೆ ಬರಾಕ ಏನಾಗೇತಿ ಅಂತಿದ್ಲು."

ರೇಣುಕಾದೇವಿ ಕುರ್ಚಿಯಲ್ಲಿ ಕೂರಲಿಲ್ಲ.

ಗಂಡಸರು ಹೆಣ ಹೊತ್ತು ಹೋಗಿ, ಮಣ್ಣು ಕೊಟ್ಟು ಮರಳಿದಾಗ ನಾಲ್ಕೂವರೆ. ಸಂಜೆಯೊಳಗೆ ಕೊಪ್ಪಳ ಸೇರಬೇಕಾದರೆ ಈಗಲೇ ಹೊರಡಬೇಕು. ಈ ಸಲ ರೇಣುಕಾದೇವಿ ತಡ ಮಾಡಲಿಲ್ಲ. ಓಣಿಯ ತುದಿಗೆ ಹೋಗಿ ಸಾಹೇಬರಿಗೇ ಫೋನು ಮಾಡಿದಳು. ಮೂರನೇ ದಿನ ಗೋರಿಯ ಬಳಿ ಮಾಡುವ ಜಿಯಾರತ್ ಪ್ರಾರ್ಥನೆ ಮುಗಿಯುವ ತನಕ ಆಕೆಯನ್ನು ಇಲ್ಲಿಯೇ ಇರಲು ಬಿಡಬೇಕು, ಜವಾಬ್ದಾರಿ ತನ್ನದು ಎಂದಳು. ಸಾಹೇಬರು, ಅಲ್ಲಿನ ಠಾಣೆಯಲ್ಲಿ ಬರೆಸಿಬಿಡಿ ಎಂದರು.

ಹೇಳಲೆಂದು ಬಂದಾಗ ಮೆಹರುನಬಿ ಪಡಸಾಲೆಯ ಕಂಬಕ್ಕೊರಗಿ ಕೂತಿದ್ದಳು. ಸೀರೆಯ ಅಂಚು ಇನ್ನೂ ಒದ್ದೆಯಿತ್ತು. ರೇಣುಕಾದೇವಿ ಎದುರು ಕೂತು ಮೂರು ದಿನದ ವಿಷಯ ಹೇಳಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ಯಮ್ಮಾ, ಇನ್ನೊಂದು ಮಾತು ಐತ್ರಿ. ಮಂಗಳವಾರ ನಾ ಸಾಹೇಬ್ರನ್ನ ಕೇಳಿದ್ರ ಆವತ್ತ ಕಳಸ್ತಿದ್ರು. ಮ್ಯಾಲೆ ಹೋಗಿ ಕೇಳಾಕ ಅಂಜಿದೆ. ತಪ್ಪು ನಂದ್ರಿ."

"ಹೇಳಬಾರದಿತ್ತು ನೀನು," ಎಂದಳು ಮೆಹರುನಬಿ. "ಇಷ್ಟೊತ್ತು ಎರಡೂ ಸರಕಾರಕ್ಕ ಬೈಕೋತ ಕುಂತಿದ್ದೆ. ಅದು ಹಗೂರ ಇತ್ತು. ಈಗ ಕಣ್ಣ ಮುಂದ ಒಂದು ಮಾರಿ ಬರತೈತಿ."

ರೇಣುಕಾದೇವಿಗೆ ಅಳು ಬಂತು. ಆ ಮನೆಯಲ್ಲಿ ತಾನು ಅಳಬಾರದೆಂದು ಎದ್ದು ಹೊರಗೆ ನಡೆದಳು. ಠಾಣೆಯಲ್ಲಿ ಬರೆಸಿ, ಒಬ್ಬಳೇ ಜೀಪಿನಲ್ಲಿ ಕೊಪ್ಪಳಕ್ಕೆ ಮರಳಿದಳು.

ವೀಸಾ ಮುಗಿಯಲು ಮೂರು ದಿನವಿದ್ದಾಗ ಮೆಹರುನಬಿ ಹೊರಡುವುದನ್ನು ತಿಳಿಸಲು ಕಚೇರಿಗೆ ಬಂದಳು. ಕಾಗದಗಳೆಲ್ಲ ತಯಾರಿದ್ದವು. ಸಹಿ ಮಾಡಿ ಪಾಸ್‌ಪೋರ್ಟನ್ನು ಸಂಚಿಯಲ್ಲಿಟ್ಟುಕೊಂಡಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ಅಕ್ಕ ಮೈ ತೊಳಿಯಾಕರ ಸಿಕ್ಕಳು," ಎಂದಳು. "ಅದೂ ಸಿಗದಾಂಗ ಹೋಗಿದ್ರ ನಾ ಏನ ಮಾಡತಿದ್ದೆ? ಇನ್ನ ಮ್ಯಾಲೆ ನನ್ನಂಥಾಕಿ ಯಾರರ ಬಂದ್ರ, ಆವತ್ತಿಂದಾವತ್ತ ಮ್ಯಾಲೆ ಹೋಗಿ ಕೇಳವ್ವಾ."

"ಹೂಂನ್ರಿ," ಎಂದಳು ರೇಣುಕಾದೇವಿ.

ದಾವಲಸಾಬನ ತೋಳು ಹಿಡಿದು ಮುದುಕಿ ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಮರುವರ್ಷ ಭಾರತ ಪಾಕಿಸ್ತಾನಗಳ ನಡುವೆ ಗಡಿ ದಾಟುವ ರೈಲು ನಿಂತಿತು. ಆಮೇಲೆ ಆ ಕಡೆಯಿಂದ ಆ ಮೇಜಿಗೆ ಯಾರೂ ಬರಲಿಲ್ಲ.